ಮೆಗಾವ್ಯಾಟ್ ಬೆಳೆಯಿತು, ತಂತಿ?

ವಿದ್ಯುತ್ ಉತ್ಪಾದಿಸುವ ಜೆಎಸ್‌ಡಬ್ಲ್ಯು ಎನರ್ಜಿ ಕಂಪನಿ ಬೆಳೆದ ಬಗೆಯನ್ನು ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. 2000ದಲ್ಲಿ ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉತ್ಪಾದನೆ ಶುರು ಮಾಡಿದ ಕಂಪನಿ. ಈಗ ಅದರ ಉಷ್ಣ ವಿದ್ಯುತ್ ಘಟಕಗಳ ಸಾಮರ್ಥ್ಯ ಅಲ್ಲಿ 860 ಮೆಗಾವ್ಯಾಟ್, ಮಹಾರಾಷ್ಟ್ರದ ರತ್ನಗಿರಿಯಲ್ಲಿ 1,200, ರಾಜಸ್ಥಾನದ ಬಾಡ್ಮೇರಿನಲ್ಲಿ 1,080. ಆದರೆ 2015ರಲ್ಲಿ ಹಿಮಾಚಲದ ಕರ್ಚಮ್ ವಾಂಗ್ತೂ, ಬಾಸ್ಪಾ ಜಲವಿದ್ಯುತ್ ಘಟಕಗಳನ್ನು ಕೊಂಡಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದೇ ಮುಖ್ಯ ಅನ್ನಿಸಿತು. ಅಲ್ಲಿಯವರೆಗೆ ಭಾರವೆಲ್ಲ ಕಲ್ಲಿದ್ದಲು, ಲಿಗ್ನೈಟ್ (ಕಂದು ಕಲ್ಲಿದ್ದಲು) ಮೇಲೇ ಇತ್ತು. ಹೊಳೆ ನೀರಿಗೆ ಇಂಧನದ ಖರ್ಚಿಲ್ಲ. ಹಾಗಂತ ಮೆಗಾವ್ಯಾಟ್‌ಗಳನ್ನು ಸುಮ್ನೆ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಚಳಿಗಾಲದಲ್ಲಿ ಹಿಮ ಕರಗದೆ ಅಲ್ಲಿನ ಹೊಳೆ ಇಳಿಯುತ್ತದೆ, ಉತ್ಪಾದನೆಯೂ ಇಳಿಯುತ್ತದೆ. ನಮ್ಮ ಕಾವೇರಿ ಮಾರ್ಚ್‌ನಲ್ಲಿ ಹೇಗಿರುತ್ತಾಳೆ, ನೋಡಿದ್ದೀರಲ್ವಾ?

ಮಡಿಕೇರಿ ಕಡೆಯವನಾಗಿ ಇನ್ನೊಂದು ಮಾತು. ಹೋದ ಮಳೆಗಾಲದಲ್ಲಿ ನಮ್ಮ ತೋಟದ ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿತ್ತು. ಮೂರು ದಿನ ಕರೆಂಟ್ ಇಲ್ಲ. ಪಾಪ, ಲೈನ್‌ಮನ್ ಒಬ್ಬರೇ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕಾಲಿನ ಜಿಗಣೆ ಕೀಳುತ್ತಾ ಬಂದರು. ಇದು ವಿದ್ಯುತ್ ಉತ್ಪಾದಿಸುವ ಕಂಪನಿಯ ತಪ್ಪಲ್ಲ, ಗೊತ್ತು. ಆದರೆ ಎಲ್ಲಿ ಎಷ್ಟೇ ಕರೆಂಟ್ ಮಾಡಿದರೂ ನಮ್ಮ ಮನೆಗೆ ಬರುವುದು ಈ ಮರಗಳ ನಡುವಿನ ತಂತಿಯಲ್ಲೇ. ಮುಂದಿನ ಸಲ ವಿತರಣೆ ಬಗ್ಗೆಯೂ ಬರೆಯಿರಿ.