ಆಸ್ಪೆಂಡೋಸ್‌ನಲ್ಲಿ ಹತ್ತು ನಿಮಿಷದ ಮೌನಕ್ಕಾಗಿ

ತುರ್ಕಿಯ ಅಂಟಾಲ್ಯ ನಗರದಿಂದ ಪೂರ್ವಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿರುವ ಆಸ್ಪೆಂಡೋಸ್‌ನ ರೋಮನ್ ರಂಗಮಂದಿರವನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಕಾಲದಲ್ಲಿ, ಅಂದರೆ ಕ್ರಿ.ಶ. 161ರಿಂದ 180ರ ನಡುವೆ, ಝೆನೋನ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಈ ರಂಗಮಂದಿರದ ಹಿನ್ನೆಲೆಯ ಗೋಡೆ ಬಹುತೇಕ ಪೂರ್ಣ ಎತ್ತರದಲ್ಲಿ ಇಂದಿಗೂ ನಿಂತಿದೆ.

ಕಡಿದಾಗಿ ಮೇಲೇರುವ ಅರ್ಧವೃತ್ತದ ಕಲ್ಲಿನ ಆಸನಗಳೂ ಎದುರಿನ ಆ ಎತ್ತರದ ಗೋಡೆಯೂ ಸೇರಿ, ಕೆಳಗೆ ನಿಂತವರು ಸಹಜವಾಗಿ ಆಡಿದ ಮಾತನ್ನು ಮೇಲಿನ ಸಾಲಿನವರೆಗೂ ಒಯ್ಯುತ್ತವೆ. ನನಗೆ ಕೇಳಬೇಕಾಗಿದ್ದುದು ಅದೇ. ಆದರೆ ನಾನು ಕುಳಿತಿದ್ದ ಅಷ್ಟು ಹೊತ್ತೂ, ಒಂದು ಗುಂಪು ಹೋದರೆ ಇನ್ನೊಂದು ಗುಂಪು ನಡುವೆ ಬಂದು ನಿಂತು ಚಪ್ಪಾಳೆ ತಟ್ಟುವುದು, ಸಿಳ್ಳೆ ಹಾಕುವುದು, ಕಿರುಚಿ ಅದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳುವುದು ನಡೆದೇ ಇತ್ತು; ಒಬ್ಬರಂತೂ ಬ್ಲೂಟೂತ್ ಸ್ಪೀಕರನ್ನೇ ತಂದು ಹಾಡು ಹಾಕಿದರು. ಮೆಲುದನಿಯನ್ನೂ ಕೇಳಿಸಬಲ್ಲ ಜಾಗದಲ್ಲಿ ಸ್ಪೀಕರ್ ಏಕೆ ಬೇಕು ಎಂಬುದು ನನಗೆ ಅರ್ಥವೇ ಆಗಲಿಲ್ಲ.

ಮುಂದೆ, ಮಧ್ಯಯುಗದಲ್ಲಿ ಈ ನಾಡನ್ನಾಳಿದ ತುರ್ಕಿ ಮನೆತನದ ಸೆಲ್ಜುಕರು ಇದನ್ನು ದುರಸ್ತಿ ಮಾಡಿ ಬಳಸಿದರು. ಅವರು ಬಳಿದ ಕೆಂಪು ಬಣ್ಣದ ಅಂಕುಡೊಂಕು ಗೆರೆಗಳ ಗುರುತುಗಳು ಗೋಡೆಯ ಮೇಲೆ ಇನ್ನೂ ಉಳಿದಿವೆ. ಅವುಗಳ ಕಡೆಗೆ ಆ ಗುಂಪುಗಳಲ್ಲಿ ಯಾರೊಬ್ಬರೂ ತಲೆಯೆತ್ತಿ ನೋಡಿದ್ದನ್ನು ನಾನು ಕಾಣಲಿಲ್ಲ. ಅಷ್ಟು ದೂರದಿಂದ ಬಂದ ನನಗೆ, ಕೆಳಗೆ ನಿಂತು ಒಂದು ವಚನ ಹೇಳಿ ಅದು ಮೇಲಿದ್ದ ನನ್ನ ಹೆಂಡತಿಗೆ ಕೇಳಿಸುತ್ತದೆಯೇ ಎಂದು ತಿಳಿಯುವುದಕ್ಕೂ ಬಿಡುವು ಸಿಗಲಿಲ್ಲ.