ಕೇರೆಗೆ ಬೇಡ, ಕಟ್ಟು ಹಾವಿಗೆ ಹೆದರಲೇಬೇಕು

'ಹಾವಿಗೆ ನಾವು ಸುಮ್ನೆ ಜಾಸ್ತಿ ಹೆದರುತ್ತೇವೆ, ಹೆಚ್ಚಿನವಕ್ಕೆ ವಿಷವೇ ಇಲ್ಲ' ಎಂದು ಬರೆದಿದ್ದೀರಿ. ನಿಜ ಸರ್. ನಮ್ಮ ಆಳಂದ ಕಡೆ ಕೇರೆ ಹಾವನ್ನೂ ನಾಗರ ಅಂದುಕೊಂಡು ಬಡಿದು ಕೊಲ್ಲುತ್ತಾರೆ. ಜೋಳದ ಚೀಲ ಕಡಿಯುವ ಇಲಿಗಳನ್ನು ತಿನ್ನೋದು ಅದೇ ಅಲ್ವಾ? ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಆದರೆ ಭಯವೇ ಸುಳ್ಳು ಅನ್ನಬೇಡಿ. ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂಬ ಅಂದಾಜಿದೆ. ಹೆಚ್ಚಿನವರು ಹಳ್ಳಿಯವರೇ. ನಮ್ಮಲ್ಲಿ ತೊಗರಿ ಕೊಯ್ಯುವಾಗ ಎಷ್ಟೋ ಜನರದ್ದು ಬರಿಗಾಲು. ಗರಗಸ ಮಂಡಲ ಮೊಳದುದ್ದ ಇರುತ್ತದೆ, ಮಣ್ಣಿನ ಬಣ್ಣ, ಕಣ್ಣಿಗೇ ಬೀಳೋದಿಲ್ಲ. ಕಟ್ಟು ಹಾವು ಇನ್ನೂ ಅಪಾಯ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಅಷ್ಟಾಗಿ ಇರೋದಿಲ್ಲ. ಹಾಗಾಗಿ ಎಷ್ಟೋ ಸಲ ಬೆಳಗಿನ ತನಕ ಗೊತ್ತೇ ಆಗೋದಿಲ್ಲ.

ನಮ್ಮ ಕಾಕಾಗೆ ಹೊಲದಲ್ಲಿ ಮಂಡಲ ಕಚ್ಚಿದಾಗ ಮಂತ್ರ ಹಾಕಿಸಲು ಹೋಗಿ ಎರಡು ತಾಸು ಕಳೆದೆವು. ಕಾಕಾ ಉಳಿದರು, ಕಾಲು ಮಾತ್ರ ಮೊದಲಿನಂತೆ ಆಗಲಿಲ್ಲ.

2024ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಘೋಷಿಸಿದೆ. ಒಳ್ಳೆಯದೇ ಆಯಿತು. ಕಚ್ಚಿದ ಜಾಗವನ್ನು ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಹಾವಿನ ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಬೇಗ ಒಯ್ಯಬೇಕು. ಮುಂದಿನ ಸಲ ದಯವಿಟ್ಟು ಇದನ್ನೂ ಬರೆಯಿರಿ.