ಹಳೆ ಪೌಡರ್‌ಗೆ ವಾಸನೆ ಪರೀಕ್ಷೆಯೊಂದೇ ಸಾಲದು

ನಿಮ್ಮ ಲೇಖನದಲ್ಲಿ, ತಯಾರಿಕೆ ನಿಂತ ಎಸ್‌ಆರ್ 4756 ಪೌಡರನ್ನು (ಗುಂಡು ಹಾರಿಸುವ ಹೊಗೆರಹಿತ ಮದ್ದು) ವಾಸನೆ ಸರಿಯಿದ್ದರೆ ಪಿಸ್ತೂಲ್ ಗುಂಡಿಗೆ ತುಂಬಬಹುದು ಎಂದಿದ್ದೀರಿ. ಅರ್ಧ ಮಾತ್ರ ಸರಿ. ಪೌಡರ್‌ನ ಮುಖ್ಯ ಅಂಶವಾದ ನೈಟ್ರೋಸೆಲ್ಯುಲೋಸ್ ಕೆಡುವಾಗ ಹುಳಿ ಘಾಟು ಬರುವುದು ನಿಜ. ಆದರೆ ಬಿಳಿ ಕಾಗದದ ಮೇಲೆ ಸ್ವಲ್ಪ ಸುರಿದು ನೋಡಿ: ತುಕ್ಕಿನ ಬಣ್ಣದ ಧೂಳು ಇದ್ದರೆ, ಕಾಳುಗಳು ಒಂದಕ್ಕೊಂದು ಅಂಟಿದ್ದರೆ ಆ ಡಬ್ಬಿ ಮುಗಿಯಿತು. ಮನೆಯಲ್ಲಿಡಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು.

ಇನ್ನೊಂದು ವಿಷಯ ಲೇಖನದಲ್ಲಿ ಬಂದೇ ಇಲ್ಲ. ಮುಚ್ಚಳ ಸಡಿಲವಾಗಿದ್ದ ಡಬ್ಬಿಯ ಪೌಡರ್ ಒಣಗಿರಬಹುದು. ಒಣಗಿದ್ದು ಬೇಗ ಉರಿಯುತ್ತದೆ, ಒತ್ತಡ ಏರುತ್ತದೆ. ಹಾಗಾಗಿ ಅದೇ ಹೆಸರಿನ ಪೌಡರ್‌ನ ಅಳತೆ ಇರುವ, ಅದೇ ಕಾಲದ ಗುಂಡು ತುಂಬುವ ಕೈಪಿಡಿ ಹಿಡಿದು, ಅದರಲ್ಲಿರುವ ಗರಿಷ್ಠ ತೂಕಕ್ಕಿಂತ ಕನಿಷ್ಠ 10% ಕೆಳಗಿಂದ ಶುರುಮಾಡಿ, ಪ್ರತಿ ತೂಕವನ್ನೂ ತಕ್ಕಡಿಯಲ್ಲೇ ನೋಡಿ. "ಹೆಚ್ಚುಕಡಿಮೆ ಅದೇ ಥರದ" ಬೇರೆ ಪೌಡರ್‌ನ ಅಳತೆ ಬೇಡವೇ ಬೇಡ. ಲೇಬಲ್ ಹರಿದ ಡಬ್ಬಿ? ಎಷ್ಟೇ ತಾಜಾ ಕಂಡರೂ ಬಿಸಾಡುವುದೇ.